ಕೆಂಪು ಜೂಲದ ಮೇಲೆ ನೀಲಿ ಸವಾರ

"ಡಂಗುರಾ ಸಾರೂದಕ್ಕ ಇಂಗ್ಲೆಂಡಿಗೆ ಹೋಗಬೇಕಿತ್ತೇನೋ? ಊರಾಗೇ ಮಾಡಬಹುದಿತ್ತಲ್ಲ!" ನನ್ನ ಕೆಲಸ ಏನೆಂದು ಫೋನಿನಲ್ಲಿ ವಿವರಿಸಿದಾಗ ಅವ್ವ ಅಂದದ್ದು ಇಷ್ಟೇ. ಅವಳು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಬೇಸಿಗೆಯ ಶನಿವಾರ, ಭಾನುವಾರ ಇಲ್ಲಿನ ಹಳೆಯ ಕೋಟೆಗಳ ಬಯಲಿನಲ್ಲಿ ಜೌಸ್ಟಿಂಗ್ ಆಡಿ ತೋರಿಸುವ ತಂಡವೊಂದಿದೆ. ನಡುವೆ ಉದ್ದಕ್ಕೆ ಮರದ ತಡೆ, ಎರಡೂ ಕಡೆಯಿಂದ ಈಟಿ ಹಿಡಿದು ನುಗ್ಗುವ ಕುದುರೆ ಸವಾರರು, ಥೇಟ್ ಹದಿನೈದನೇ ಶತಮಾನ. ಅದರಲ್ಲಿ ನಾನು ಹೆರಾಲ್ಡ್. ಯಾರು ಬಂದರು, ಯಾರ ಈಟಿ ಮುರಿಯಿತು, ಎಷ್ಟು ಅಂಕ ಎಂದು ಸಾರುವವನು. ಮೈಮೇಲೆ ಟ್ಯಾಬರ್ಡ್ ಎಂಬ ಚಿತ್ತಾರದ ಮೇಲಂಗಿ, ಅದರೊಳಗೆ ಬಚ್ಚಿಟ್ಟ ಮೈಕು.

ಊರ ನಾಟಕದಲ್ಲಿ ದೂತನ ಪಾತ್ರ ಮಾಡಿದವನು ನಾನು. "ರಾಜಾಧಿರಾಜ, ಬಹುಪರಾಕ್!" ಎಂದು ಗಂಟಲು ಹರಿಯುವಂತೆ ಕೂಗಿದರೆ ಸಾಕು, ಸಿಳ್ಳೆ ಬೀಳುತ್ತಿತ್ತು. ಇಲ್ಲೂ ಹೊಗಳುಭಟನ ಕೆಲಸವೇ ಎಂದುಕೊಂಡು, ಚೀಟಿಯಲ್ಲಿ ಬರೆದದ್ದನ್ನು ಬಾಯಿಪಾಠ ಮಾಡಿ ಅಂಗಳಕ್ಕೆ ಇಳಿದುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ನೀಲಿ ಸವಾರನ ಕುದುರೆ ಕುಂಟತೊಡಗಿತು. ಲಾಯದವರು ಕೊನೆ ಗಳಿಗೆಯಲ್ಲಿ ಅವನನ್ನು ಬೇರೆ ಕುದುರೆಯ ಮೇಲೆ ಹತ್ತಿಸಿದರು. ಆ ಕುದುರೆಗೆ ಅಳತೆಗೆ ಸರಿಹೋಗುವುದು ಕೆಂಪು ಜೂಲ ಒಂದೇ. (ನಮ್ಮ ಕಡೆ ಎತ್ತಿಗೆ ಹೊದಿಸುತ್ತೇವಲ್ಲ, ಅದೇ ಜೂಲ, ಗೊರಸಿನ ತನಕ ಇಳಿಬಿಟ್ಟದ್ದು.) ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೆಂಪು ಕಂಡಿತು, ಕೆಂಪು ಸವಾರನ ಹೆಸರು ಕೂಗಿದೆ. ನೀಲಿ ಸವಾರ ಎರಡು ಓಟದಲ್ಲಿ ಎರಡು ಈಟಿ ಮುರಿದ. ಅಂಕವೆಲ್ಲ ಕೆಂಪು ಸವಾರನ ಖಾತೆಗೆ. ಶಿರಸ್ತ್ರಾಣ ಮುಚ್ಚಿಕೊಂಡವನು ಮಾತಾಡುವಂತಿಲ್ಲ. ಕಬ್ಬಿಣದ ಕೈಗವಸಿನಿಂದ ಎಡಗಡೆಯ ಗುರಾಣಿಯನ್ನು ಟಕಟಕ ತಟ್ಟಿ ನನ್ನತ್ತ ತೋರಿಸಿದ. ನಾನು ಮೈಕಿನಲ್ಲಿ, "ನೋಡಿ, ವೀರ ಎದೆ ತಟ್ಟಿ ಸವಾಲು ಹಾಕುತ್ತಿದ್ದಾನೆ!" ಎಂದೆ. ಜನ ಹೋ ಎಂದರು.

ಸಂಜೆ ತಂಡದ ಹಿರಿಯರು ಬೈಯಲಿಲ್ಲ. "ಮುಖ ಕಾಣದವನನ್ನು ಗುರುತಿಸುವುದಕ್ಕೇ ಅಲ್ಲವೇ ನೀನಿರುವುದು?" ಎಂದಷ್ಟೇ ಕೇಳಿದರು. ಬೈದಿದ್ದರೆ ವಾಸಿ ಇತ್ತು.

ಆಮೇಲೆ ಓದಿಕೊಂಡೆ. ಹೆರಾಲ್ಡನ ಹಳೆಯ ವಿದ್ಯೆಯೇ ಗುರಾಣಿಯ ಮೇಲಿನ ಲಾಂಛನ ಓದುವುದು. 1415ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ಆಜಿನ್‌ಕೂರ್ ಯುದ್ಧ ಮುಗಿದ ಮೇಲೆ ಬಿದ್ದ ಹೆಣಗಳಲ್ಲಿ ಯಾರು ಯಾರೆಂದು ಲಾಂಛನ ನೋಡಿ ಹೇಳಿದವರು ಇವರು. 1484ರಲ್ಲಿ ಮೂರನೇ ರಿಚರ್ಡ್ ದೊರೆ ಇವರಿಗೆ ಸನ್ನದು ಕೊಟ್ಟ. ಇವರ ಸಂಸ್ಥೆ ಕಾಲೇಜ್ ಆಫ್ ಆರ್ಮ್ಸ್ ಲಂಡನ್ನಿನಲ್ಲಿ ಈಗಲೂ ನಡೆಯುತ್ತಿದೆ. ಲಾಂಛನದ ಬಣ್ಣಗಳಿಗೂ ಕಟ್ಟಳೆ ಇದೆ: ಬಂಗಾರ, ಬೆಳ್ಳಿ ಒಂದು ಗುಂಪು, ಕೆಂಪು, ನೀಲಿ, ಕಪ್ಪು, ಹಸಿರು ಇನ್ನೊಂದು. ಒಂದೇ ಗುಂಪಿನ ಬಣ್ಣವನ್ನು ಒಂದರ ಮೇಲೊಂದು ಬರೆಯುವಂತಿಲ್ಲ, ದೂರಕ್ಕೆ ಕಾಣುವುದಿಲ್ಲ. ನಮ್ಮ ಲಾರಿಯ ಹಳದಿ ನಂಬರ್ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇರುವುದೂ ಇದೇ ಲೆಕ್ಕ.

ಅಂಕ ಬರೆಯುವುದೂ ಹೆರಾಲ್ಡನ ಪಾಲಿನ ಕೆಲಸ. ಆಯತ ಬರೆದು, ಉದ್ದಕ್ಕೆ ಗೆರೆ ಎಳೆದು, ಮುರಿದ ಈಟಿಗೆ ಒಂದೊಂದು ಗೀಟು. ಕ್ರಿಕೆಟ್ ಸ್ಕೋರ್ ಬುಕ್ಕಿನ ಮುತ್ತಜ್ಜ ಅನ್ನಿ. 1466ರಲ್ಲಿ ವುಸ್ಟರಿನ ಅರ್ಲ್ ಜಾನ್ ಟಿಪ್ಟಾಫ್ಟ್ ಮಾಡಿದ ನಿಯಮಗಳಲ್ಲಿ ಎದುರಾಳಿಯ ಕುದುರೆಗೆ ಹೊಡೆದವನಿಗೆ ಬಹುಮಾನವೇ ಇಲ್ಲ. ನಿಯಮ ಎಷ್ಟು ಚೆನ್ನಾಗಿದ್ದರೇನು, ಗೀಟು ಯಾರ ಹೆಸರಿನ ಮುಂದೆ ಬಿತ್ತು ಎಂಬುದು ಬರೆಯುವವನ ಕಣ್ಣಿನಲ್ಲಿದೆ.

ಈಗ ಆಟಕ್ಕೆ ಅರ್ಧ ತಾಸು ಮೊದಲು ಲಾಯಕ್ಕೆ ಹೋಗುತ್ತೇನೆ. ಚೀಟಿಯಲ್ಲಿ ಹೆಸರಿನ ಜಾಗ ಖಾಲಿ. ಸವಾರ ಕುದುರೆ ಹತ್ತಿದ ಮೇಲೆ, ಗುರಾಣಿ ನೋಡಿ, ಪೆನ್ಸಿಲಿನಲ್ಲಿ ತುಂಬುತ್ತೇನೆ. ಪೆನ್ನು ಇಲ್ಲಿನ ಮಳೆಗೆ ಆಗದು. ಲಾಯದಲ್ಲಿ ಇನ್ನೊಂದು ಎಚ್ಚರವೂ ಬೇಕು, ಓಟ ಶುರುಮಾಡಲು ಕೂಗುವ ಪದವನ್ನು ತಮಾಷೆಗೂ ಆಡಬಾರದು. ಕುದುರೆಗಳಿಗೆ ಅದು ಗೊತ್ತಾಗಿಬಿಟ್ಟಿದೆ, ಕಿವಿ ನಿಮಿರಿಸಿ ಹೊರಟೇಬಿಡುತ್ತವೆ.

ನೀಲಿ ಸವಾರ ಮಾತ್ರ ಈಗಲೂ ನನ್ನನ್ನು ಕಂಡಾಗಲೆಲ್ಲ, ಮಾತಿಗೆ ಮೊದಲು ಎರಡು ಸಲ ಎದೆ ತಟ್ಟಿಕೊಳ್ಳುತ್ತಾನೆ.