"ಯಾವ ಶೂ, ಏನ್ ತಿಂತೀರಾ" ಅಂತ ಕೇಳೋರಿಗೆಲ್ಲ ಒಂದೇ ಸಲಕ್ಕೆ

"ಮೇಡಂ ಒಂದೇ ಒಂದ್ ಪ್ರಶ್ನೆ" ಅಂತ ಶುರು ಮಾಡಿ ಎರಡು ಕೇಳ್ತಾರೆ. ಓಡೋಕೆ ಯಾವ ಶೂ ಹಾಕ್ತೀರಾ, ಏನ್ ತಿಂತೀರಾ. ಬ್ಯಾಂಕಲ್ಲಿ ಕೌಂಟರ್ ಒಳಗೆ ಪಾಸ್‌ಬುಕ್ ತಳ್ಳುತ್ತಾ ಕೇಳ್ತಾರೆ, ನಮ್ಮ ತುಮಕೂರಿನ ಅಮಾನಿಕೆರೆ ಹತ್ರ ಓಡ್ತಿರುವಾಗ ಪಕ್ಕದಲ್ಲೇ ಸ್ಕೂಟರ್ ಸ್ಲೋ ಮಾಡ್ಕೊಂಡು ಕೇಳ್ತಾರೆ (ಆಗ ಮಾತಾಡೋಕೆ ಉಸಿರು ಎಲ್ಲಿಂದ ತರ್ಲಿ), ಹೋದ ತಿಂಗಳು ಒಂದು ಸಾವಿನ ಮನೇಲೂ ಕೇಳಿದ್ರು. ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ, ಬೇಜಾರ್ ಮಾಡ್ಕೋಬೇಡಿ, ಮಾಡ್ಕೊಂಡ್ರೂ ಪರವಾಗಿಲ್ಲ.

ಮೊದ್ಲೇ ಹೇಳ್ಬಿಡ್ತೀನಿ, ನಾನೇನು ಕೋಚ್ ಅಲ್ಲ. 44 ವರ್ಷ, ಎಸ್.ಎಸ್. ಪುರಂ ವಾಸಿ, ಇಬ್ರು ಮಕ್ಕಳು, ಎರಡು ಫುಲ್ ಮ್ಯಾರಥಾನ್ ಓಡಿದೀನಿ ಅಂದ್ರೆ ಎರಡು ಸಲ 42.195 ಕಿಲೋಮೀಟರ್, ಎರಡೂ ಸಲ ಐದು ಗಂಟೆ ದಾಟಿ ಹೋಗಿದೆ. ನಾನು ಮುಗಿಸೋ ಹೊತ್ತಿಗೆ ಶಾಮಿಯಾನ ಬಿಚ್ತಾ ಇರ್ತಾರೆ. ಇಂಥವಳನ್ನ ಬಂದು ಕೇಳ್ತೀರಲ್ಲ, ಅಲ್ಲೇ ಮೊದಲನೇ ತಪ್ಪು.

ಶೂ ವಿಷಯ. ಗುಬ್ಬಿ ಹತ್ರ ಒಂದು ಗೃಹಪ್ರವೇಶ, ಪಂಕ್ತೀಲಿ ನಾನು ಎರಡನೇ ಹೋಳಿಗೆ ಹಾಕಿಸ್ಕೊತಿದ್ದೆ, ಎದುರಿಗೆ ಕೂತಿದ್ದ ದೊಡ್ಡಪ್ಪ "ಏನವ್ವ, ಓಡೋರು ಡಯಟ್ ಮಾಡಲ್ವಾ" ಅಂದ್ರು. ಇಲ್ಲ ದೊಡ್ಡಪ್ಪ ಅಂದೆ. ಆಮೇಲೆ ಶೂ ಎಷ್ಟಾಯ್ತು ಅಂದ್ರು. ಸುಳ್ಳು ಹೇಳ್ಬೇಕಿತ್ತು, ಬಾಯಿ ತಪ್ಪಿ ಎಂಟು ಸಾವಿರ ಅಂದ್ಬಿಟ್ಟೆ. ಬಡಿಸ್ತಿದ್ದ ಹುಡುಗನೂ ಸೌಟು ಹಿಡ್ಕೊಂಡು ಹಂಗೇ ನಿಂತ. "ಎಂಟು ಸಾವ್ರಕ್ಕೆ ಒಂದ್ ಕುರಿಮರಿ ಬರ್ತಿತ್ತಲ್ಲವ್ವ, ವರ್ಷಕ್ಕೆ ಅದು ದೊಡ್ದಾಗಿ ಎರಡು ಮರಿ ಹಾಕಿರೋದು" ಅಂತ ಅವ್ರು ಲೆಕ್ಕ ಹಾಕೋಕೆ ಶುರು ಮಾಡಿದ್ರು, ಪಾಯಸ ಬರೋ ಹೊತ್ತಿಗೆ ನನ್ನ ಕಾಲಲ್ಲಿ ಒಂದು ಮಂದೆನೇ ಇತ್ತು. ಅವತ್ತಿಂದ ಮನೇಲಿ ಶೂಗೆ ಕುರಿಮರಿ ಅಂತಲೇ ಹೆಸರು. "ನಿನ್ನ ಕುರಿಮರಿ ಬಾಗಿಲಲ್ಲಿ ಬಿದ್ದಿದೆ ನೋಡು" ಅಂತಾರೆ ಯಜಮಾನ್ರು.

ಕಂಪನಿ ಹೆಸರು ಹೇಳಲ್ಲ ನಾನು. ನನ್ನ ಪಾದಕ್ಕೆ ಸರಿಹೋಗಿದ್ದು ನಿಮಗೆ ಕಚ್ಚುತ್ತೆ, ಆಮೇಲೆ ಬೈಸ್ಕೊಳ್ಳೋಳು ನಾನು. ಸಂಜೆ ಹೊತ್ತು ಅಂಗಡಿಗೆ ಹೋಗಿ, ಬೆಳಗ್ಗೆಯಿಂದ ಓಡಾಡಿ ಕಾಲು ಒಂಚೂರು ಊದಿರುತ್ತೆ, ಓಡುವಾಗಲೂ ಹಂಗೇ ಊದೋದು. ಓಡೋಕೆ ಹಾಕೋ ಕಾಲುಚೀಲನೇ ಹಾಕ್ಕೊಂಡು ಹೋಗಿ, ಅದು ಕಾಟನ್ ಆಗಿದ್ರೆ ಮನೇಲೇ ಬಿಟ್ಟು ಬೇರೆ ತಗೊಳ್ಳಿ, ಕಾಟನ್ ಬೆವರು ಕುಡ್ಕೊಂಡು ಒದ್ದೆಯಾಗೇ ಇರುತ್ತೆ, ಬೊಬ್ಬೆ ಏಳೋದೇ ಅದರಿಂದ. ಬೆರಳ ಮುಂದೆ ಒಂದು ಹೆಬ್ಬೆಟ್ಟು ಜಾಗ ಬಿಡ್ಬೇಕು, ಇಲ್ಲಾಂದ್ರೆ ದೇವರಾಯನದುರ್ಗದ ಬೆಟ್ಟ ಇಳಿಯುವಾಗ ಉಗುರು ಕಪ್ಪಾಗಿ ಬಿದ್ದೋಗುತ್ತೆ, ನನಗೆ ಮೂರು ಬಿದ್ದಿದೆ. 500ರಿಂದ 800 ಕಿಲೋಮೀಟರ್ ಒಳಗೆ ಅಡಿ ಸತ್ತೋಗುತ್ತೆ, ಮೇಲೆ ಹೊಸದರ ಥರ ಕಂಡ್ರೂ ಒಳಗೆ ಮೆತ್ತಗಿರಲ್ಲ, ಅದಕ್ಕೆ ತಗೊಂಡ ದಿನಾನೇ ಒಳಗೆ ಪೆನ್ನಲ್ಲಿ ತಾರೀಖು ಬರೀತೀನಿ.

ಕಾರ್ಬನ್ ಪ್ಲೇಟ್ ಶೂ (ಅಡಿಯೊಳಗೆ ಗಟ್ಟಿ ಕಾರ್ಬನ್ ಹಾಳೆ ಇರೋ ರೇಸ್ ಶೂ) ತಗೊಳ್ಲಾ ಅಂತ ಕೇಳೋ ಹುಡುಗ್ರಿದಾರೆ, ಇನ್ನೂ 5 ಕಿಲೋಮೀಟರ್ ನಿಲ್ಲದೆ ಓಡಿರಲ್ಲ. ಬೇಡ. ಬರಿಗಾಲೇ ಬೆಸ್ಟ್ ಅಂತ ವಾಟ್ಸಾಪಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಫೋಟೋ ಕಳಿಸೋರು ಇನ್ನೊಂದು ಗುಂಪು. ಹೌದು, 1960ರಲ್ಲಿ ರೋಮ್ ಒಲಿಂಪಿಕ್ಸಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ, 2 ಗಂಟೆ 15 ನಿಮಿಷ. ಅದೇ ಮನುಷ್ಯ 1964ರಲ್ಲಿ ಟೋಕಿಯೋಲಿ ಶೂ ಹಾಕ್ಕೊಂಡು 2 ಗಂಟೆ 12 ನಿಮಿಷಕ್ಕೆ ಮತ್ತೆ ಗೆದ್ದ, ಅದೂ ಅಪೆಂಡಿಕ್ಸ್ ಆಪರೇಷನ್ ಆಗಿ ಎರಡು ತಿಂಗಳೂ ಆಗಿರ್ಲಿಲ್ಲ. ಆ ಫೋಟೋ ಯಾರೂ ಫಾರ್ವರ್ಡ್ ಮಾಡಲ್ಲ. ಇನ್ನು ನಮ್ಮ ರೋಡಲ್ಲಿ ಬರಿಗಾಲಲ್ಲಿ ಓಡೋರು ಮೊದ್ಲು ಕಾರ್ಪೊರೇಷನ್‌ನೋರು ಅಗೆದು ಬಿಟ್ಟಿರೋ ಜಾಗ ಒಂದ್ಸಲ ನೋಡ್ಕೊಂಡು ಬನ್ನಿ.

ಶೂಗಿಂತ ಮುಂಚೆ ನಾನು ದುಡ್ಡು ಹಾಕ್ಬೇಕಾಗಿದ್ದು ಬ್ರಾಗೆ, ಅದನ್ನ ಯಾರೂ ಕೇಳಲ್ಲ, ಅಂದ್ರೆ ಎಲ್ಲರ ಎದುರು ಕೇಳಲ್ಲ. ರಾತ್ರಿ ಹನ್ನೊಂದು ಗಂಟೆಗೆ ಮೆಸೇಜ್ ಬರುತ್ತೆ, "ಅಕ್ಕ ಒಂದ್ ಕೇಳ್ಲಾ, ತಪ್ ತಿಳ್ಕೋಬೇಡಿ". ಕೇಳಮ್ಮ. ಕೆಳಗಿನ ಪಟ್ಟಿ ಅಗಲ ಇರ್ಬೇಕು, ಭಾರ ಹೊರೋದು ಅದೇ, ಭುಜದ ಪಟ್ಟಿ ಅಲ್ಲ. ಹಾಕ್ಕೊಂಡು ಅಲ್ಲೇ ಹತ್ತು ಸಲ ಎಗರಿ ನೋಡು. ನಾನು ಮೊದಲ ಸಲ ತಗೊಂಡಾಗ ಟ್ರಯಲ್ ರೂಮಲ್ಲಿ ಎಗರಿದ್ದಕ್ಕೆ ಅಂಗಡಿಯೋನು ಹೊರಗಿಂದ "ಮೇಡಂ ಹಲ್ಲಿ ಇದೆಯಾ" ಅಂತ ಕೂಗಿದ. ಪಟ್ಟಿ ಉಜ್ಜೋ ಜಾಗಕ್ಕೆ ವ್ಯಾಸಲೀನ್ ಹಚ್ಚು, ಹಚ್ಚದೇ ಹೋದ್ರೆ ಸ್ನಾನಕ್ಕೆ ಬಿಸಿನೀರು ಹಾಕ್ಕೊಂಡಾಗ ಗೊತ್ತಾಗುತ್ತೆ. ಗಂಡಸರಿಗೂ ಇದು ತಪ್ಪಿದ್ದಲ್ಲ, ನಮ್ಮ ಗುಂಪಿನ ಒಬ್ಬರು ಬಿಳಿ ಟೀ ಶರ್ಟ್ ಹಾಕ್ಕೊಂಡು 21 ಕಿಲೋಮೀಟರ್ ಓಡಿ ಬಂದಾಗ ಎದೆ ಮೇಲೆ ಎರಡು ಕೆಂಪು ಗೆರೆ ಇಳಿದಿತ್ತು, ಅವತ್ತಿಂದ ಬ್ಯಾಂಡೇಡ್ ಹಾಕ್ತಾರೆ.

ಊಟ. ಮುದ್ದೆ ತಿಂದು ಓಡಕ್ಕಾಗುತ್ತಾ ಅಂತ ಬೆಂಗಳೂರಿನೋರು ಕೇಳ್ತಾರೆ, ಮುದ್ದೆ ತಿನ್ನದೇ ಓಡಕ್ಕಾಗುತ್ತಾ ಅಂತ ನಮ್ಮತ್ತೆ ಕೇಳ್ತಾರೆ. ಮಾಮೂಲಿ ದಿನ ಮುದ್ದೆ ಸೊಪ್ಪಿನ ಸಾರೇ. ಲಾಂಗ್ ರನ್ ಹಿಂದಿನ ರಾತ್ರಿ ಮಾತ್ರ ಅನ್ನ, ಯಾಕಂದ್ರೆ ರಾಗೀಲಿ ನಾರು ಜಾಸ್ತಿ, ಬೆಳಗಿನ ಜಾವ ಅದು ತನ್ನ ಕೆಲಸ ಮಾಡುತ್ತೆ, ಎಲ್ಲಿ ಮಾಡುತ್ತೆ ಅನ್ನೋದು ನಮ್ಮ ಕೈಲಿರಲ್ಲ. ಬೆಳಗ್ಗೆ ಎರಡು ಏಲಕ್ಕಿ ಬಾಳೆಹಣ್ಣು, ಅರ್ಧ ಲೋಟ ಕಾಫಿ. ಓಡಿ ಬಂದ್ಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಎಷ್ಟು ಅಂತ ಕೇಳ್ಬೇಡಿ.

ಓಡುವಾಗ ತಿನ್ನೋದರ ಲೆಕ್ಕ ಸುಲಭ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂದ್ರೆ ಗ್ಲೈಕೋಜನ್ ಸುಮಾರು 2,000 ಕ್ಯಾಲೊರಿಯಷ್ಟು. ಒಂದು ಕಿಲೋಮೀಟರಿಗೆ ಒಂದು ಕೆಜಿ ತೂಕಕ್ಕೆ ಹತ್ತತ್ರ ಒಂದು ಕ್ಯಾಲೊರಿ ಖರ್ಚು, ನಾನು 60 ಕೆಜಿ, 42ಕ್ಕೆ 2,500 ಬೇಕು. ಕೊಬ್ಬಿಂದಲೂ ಬರುತ್ತೆ, ಆದ್ರೆ ಅದು ಗೌರ್ಮೆಂಟ್ ಆಫೀಸಿನ ಫೈಲ್ ಥರ ನಿಧಾನ. ಅದಕ್ಕೇ 30 ಕಿಲೋಮೀಟರ್ ದಾಟಿದ್ಮೇಲೆ ಕಾಲು ಕಲ್ಲಾಗೋದು. ಒಂದೂವರೆ ಗಂಟೆ ಮೀರಿದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗ್ತಾ ಇರ್ಬೇಕು, ಸುಸ್ತಾದ್ಮೇಲೆ ಅಲ್ಲ, ಮುಂಚೆನೇ. ಬೇಕಾದ್ರೆ ಜೆಲ್ ತಗೊಳ್ಳಿ, ಅಂದ್ರೆ ಓಟಗಾರರಿಗೆ ಅಂತಲೇ ಪುಟ್ಟ ಪೊಟ್ಟಣದಲ್ಲಿ ಬರೋ ಸಕ್ಕರೆ ಪಾಕ, ಒಂದರಲ್ಲಿ 20-25 ಗ್ರಾಂ ಇರುತ್ತೆ, ನನಗೆ ಅಷ್ಟು ದುಡ್ಡು ಕೊಡೋಕೆ ಹೊಟ್ಟೆ ಉರಿಯುತ್ತೆ, ಅದಕ್ಕೆ ಬೆಲ್ಲ. ಎಷ್ಟೋ ಜೆಲ್‌ಗಳಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡು ಥರ ಸಕ್ಕರೆ ಬೆರೆಸಿರ್ತಾರೆ, ಬೆಲ್ಲದಲ್ಲಿ ಅದು ತಾನಾಗೇ ಇದೆ. ತೊಂದ್ರೆ ಏನಂದ್ರೆ ಜೇಬಲ್ಲಿ ಕರಗುತ್ತೆ, ಒಂದು ಸಲ ನಿಂತು ಶೂ ಲೇಸ್ ಕಟ್ಟೋದ್ರೊಳಗೆ ಇರುವೆ ಹತ್ತಿ, ಮುಂದಿನ 2 ಕಿಲೋಮೀಟರ್ ನನ್ನ ಜೀವಮಾನದಲ್ಲೇ ಫಾಸ್ಟು. ಕಡಲೆ ಮಿಠಾಯಿ ಟ್ರೈ ಮಾಡ್ಬೇಡಿ, ಕಡಲೆಕಾಯಿ ಎಣ್ಣೆ ಅಂಶ ಹೊಟ್ಟೇಲಿ ಹಂಗೇ ಕೂತಿರುತ್ತೆ.

ನೀರು. ನಮ್ಮದು ತೆಂಗಿನ ಜಿಲ್ಲೆ, ತಿಪಟೂರಿನ ಭಾವ ಎಲ್ಲಾದಕ್ಕೂ ಎಳನೀರು ಅಂತಾರೆ. ಎಳನೀರಲ್ಲಿ ಪೊಟ್ಯಾಶಿಯಂ ಧಾರಾಳ, ಸೋಡಿಯಂ ಕಮ್ಮಿ, ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ. ಒಂದು ಚಿಟಿಕೆ ಉಪ್ಪು ಹಾಕ್ಕೊಳ್ಳಿ ಅಂದ್ರೆ ಭಾವನಿಗೆ ಕೋಪ. ಓಆರ್‌ಎಸ್ ಪುಡಿ ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು, ಲೋಟಕ್ಕೆ ಸುರ್ಕೊಂಡು ಕುಡಿಯೋದಲ್ಲ. ಅದರಲ್ಲಿ ಗ್ಲೂಕೋಸ್ ಲೀಟರಿಗೆ 13.5 ಗ್ರಾಂ ಅಷ್ಟೇ, ಶಕ್ತಿಗೆ ಬೆಲ್ಲ ಬೇಕೇ ಬೇಕು. ನೀರು ಜಾಸ್ತಿ ಕುಡೀರಿ ಅನ್ನೋ ಬುದ್ಧಿವಾದನೂ ಪೂರ್ತಿ ನಿಜ ಅಲ್ಲ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ 13 ಪರ್ಸೆಂಟ್ ಜನಕ್ಕೆ ಸೋಡಿಯಂ ಇಳಿದಿತ್ತು, ಅದರಲ್ಲಿ ಅತಿಯಾಗಿ ಕುಡಿದು ಓಡಿ ಮುಗಿಸೋ ಹೊತ್ತಿಗೆ ತೂಕ ಏರಿಸ್ಕೊಂಡಿದ್ದೋರೇ ಜಾಸ್ತಿ. ಬಾಯಾರಿದಾಗ ಕುಡೀರಿ. ಇಷ್ಟು ಹೇಳಿದ್ರೆ ಎಲ್ಲರೂ ತಲೆ ಆಡಿಸಿ ಹೋಗ್ತಾರೆ.

ಒಬ್ಬರಾದ್ರೂ ಕೇಳಿದ್ದೀರಾ, ಕುಡಿದ್ಮೇಲೆ ಎಲ್ಲಿಗೆ ಹೋಗ್ತೀರಾ ಅಂತ?

ಮೊದಲನೇ ಮ್ಯಾರಥಾನಿಗೆ ಮುಂಚೆ ನನ್ನ ಮೊದಲ 30 ಕಿಲೋಮೀಟರ್ ಓಟ. ಮನೆಯಿಂದ ಬೆಳಗುಂಬ, ನಾಮದ ಚಿಲುಮೆ, ದೇವರಾಯನದುರ್ಗ, ವಾಪಸ್ಸು. ಗುಂಪಲ್ಲಿ ನಾನೊಬ್ಳೇ ಹೆಂಗಸು, ಇನ್ನಿಬ್ಬರು ಗಂಡಸರು, ಒಳ್ಳೆಯೋರು, ನನಗೋಸ್ಕರ ನಿಧಾನ ಓಡೋರು. ಅವ್ರಿಗೆ ಮರ ಕಂಡ್ರೆ ಸಾಕು. ನಾನು ಹಿಂದಿನ ರಾತ್ರಿ ಎಂಟು ಗಂಟೆಯಿಂದಲೇ ನೀರು ನಿಲ್ಲಿಸಿದ್ದೆ. ಯಾರೂ ಹೇಳ್ಕೊಟ್ಟಿದ್ದಲ್ಲ, ಹೈಸ್ಕೂಲಿಂದ ಬಂದ ಅಭ್ಯಾಸ, ಬಸ್ಸಲ್ಲಿ ದೂರ ಹೋಗ್ಬೇಕಾದ್ರೆ ಅಮ್ಮನೂ ಹಂಗೇ ಮಾಡೋರು. ಕೈಲಿ ಬಾಟ್ಲು ಇತ್ತು, ತುಟಿ ಒದ್ದೆ ಮಾಡ್ಕೊಳ್ಳೋದು ಅಷ್ಟೇ. ಆ ಕಾಡಲ್ಲಿ ಚಿರತೆ ಇದೆ, ಕರಡಿ ಇದೆ, ಪೊದೆ ಹಿಂದೆ ಕೂತ್ಕೊಳ್ಳೋಕೆ ನನಗೆ ಅವುಗಳ ಭಯ ಇರ್ಲಿಲ್ಲ, ಬೈಕಲ್ಲಿ ದುರ್ಗಕ್ಕೆ ಬರೋ ಹುಡುಗ್ರ ಭಯ.

ದುರ್ಗ ಇಳಿದು ವಾಪಸ್ ಬರುವಾಗ ಬಿಸಿಲೇರಿತ್ತು. ಚಿಲುಮೆ ಹತ್ರ ಬರೋದ್ರೊಳಗೆ ಬೆವರೇ ನಿಂತೋಯ್ತು, ತೋಳೆಲ್ಲ ಚಳಿ ಚಳಿ, ರೋಡು ಅಲ್ಲಾಡ್ತಿತ್ತು. ನೀವು ಹೋಗ್ತಾ ಇರಿ ಅಂತ ಅವರಿಬ್ಬರನ್ನ ಮುಂದೆ ಕಳಿಸಿ (ದಡ್ಡತನ, ಗೊತ್ತು) ಮೋರಿ ಕಟ್ಟೆ ಮೇಲೆ ಕೂತೆ. ರಾಮನಿಗೆ ನಾಮ ಇಟ್ಕೊಳ್ಳೋಕೆ ನೀರು ಸಿಗದೆ ಬಾಣ ಬಿಟ್ಟು ಬಂಡೆಯಿಂದ ಚಿಲುಮೆ ಎಬ್ಬಿಸಿದ ಅಂತಾರಲ್ಲ, ಅದೇ ಜಾಗ, ಅಲ್ಲಿ ನಾನು ತುಂಬಿದ ಬಾಟ್ಲು ತೊಡೆ ಮೇಲಿಟ್ಕೊಂಡು ಬಾಯಿ ಒಣಗಿ ಕೂತಿದ್ದೆ.

ಎರಡು ಮೇಕೆ ಹೊಡ್ಕೊಂಡು ಒಬ್ಬರು ಅಜ್ಜಿ ಬಂದ್ರು. ನನ್ನ ಶೂ ನೋಡ್ಲಿಲ್ಲ, ಮುಖ ನೋಡಿದ್ರು. "ಯಾಕವ್ವ ಹಿಂಗ್ ಕುಂತ್ಕಂಡಿದೀಯ" ಅಂದ್ರು. ಸುಸ್ತು ಅಜ್ಜಿ ಅಂದೆ. ಕೈಲಿದ್ದ ಬಾಟ್ಲು ನೋಡಿದ್ರು, "ನೀರ್ ಇಟ್ಕಂಡೂ ಕುಡ್ದಿಲ್ವಲ್ಲ" ಅಂದ್ರು, ಒಂದು ಕ್ಷಣ ಬಿಟ್ಟು ಮೆತ್ತಗೆ, "ಒಂದಕ್ಕೆ ಹೋಗ್ಬೇಕಾ?"

ಅಳು ಬಂದ್ಬಿಡ್ತು ಕಣ್ರೀ. ಅಜ್ಜಿ ಮೇಕೇನ ಅಲ್ಲೇ ಬಿಟ್ಟು ನನ್ನ ರೋಡಿಂದ ಕೆಳಗೆ ಇಳಿಸ್ಕೊಂಡು ಹೋಗಿ, ಸೆರಗು ಬಿಚ್ಚಿ ಎರಡು ಕೈಲಿ ಅಗಲ ಹಿಡಿದು ರೋಡಿಗೆ ಬೆನ್ನು ತಿರುಗಿಸಿ ನಿಂತ್ರು. ಮೇಲೆ ಯಾವುದೋ ಬೈಕು ಸ್ಲೋ ಆಗಿದ್ದಕ್ಕೆ ಅವ್ರು ಬೈದ ಬೈಗುಳ ಇಲ್ಲಿ ಬರೆಯೋ ಹಂಗಿಲ್ಲ. ಆಮೇಲೆ ತಮ್ಮ ಚೀಲದಿಂದ ಮಜ್ಜಿಗೆ ತೆಗೆದು ಕೊಟ್ರು, ಉಪ್ಪು ಜಾಸ್ತಿ ಇದ್ದ ನೀರು ಮಜ್ಜಿಗೆ. "ಈಗ್ ಕುಡಿ" ಅಂದ್ರು. ಪೂರ್ತಿ ಕುಡಿದೆ, ಬಾಟ್ಲಿನ ನೀರೂ ಕುಡಿದೆ. ಅವತ್ತು ಓಡಿದ್ದು 22 ಕಿಲೋಮೀಟರ್, ಉಳಿದಿದ್ದು ಆಟೋ.

ಈಗ ರೂಟ್ ಹಾಕ್ಕೊಳ್ಳೋದು ಟಾಯ್ಲೆಟ್ ನೋಡ್ಕೊಂಡು. ಕ್ಯಾತ್ಸಂದ್ರದ ಕಡೆ ಹೋದ್ರೆ ಸಿದ್ಧಗಂಗಾ ಮಠ ಇದೆ, ಬೇಗ ಎದ್ದಿರ್ತಾರೆ. ಪೆಟ್ರೋಲ್ ಬಂಕುಗಳಲ್ಲಿ ಇರ್ಲೇಬೇಕು ಅಂತ ರೂಲ್ಸ್ ಇದೆ, ಬೆಳಗ್ಗೆ ಐದೂವರೆಗೆ ಕೇಳಿದ್ರೆ ಮಾತ್ರ ಬೀಗದ ಕೈ ಯಾವಾಗಲೂ ಓನರ್ ಹತ್ರ ಇರುತ್ತೆ. ಒಂದು ಬಂಕಿನ ಹುಡುಗನಿಗೆ ದಸರಾಕ್ಕೆ ಸ್ವೀಟ್ ಬಾಕ್ಸ್ ಕೊಟ್ಟೆ, ಅವತ್ತಿಂದ ಬೀಗದ ಕೈ ಅವನ ಜೇಬಲ್ಲೇ ಸಿಗುತ್ತೆ. ತೀರ ಲಾಂಗ್ ರನ್ ಇದ್ರೆ ಮನೆ ಸುತ್ತಾನೇ 5 ಕಿಲೋಮೀಟರಿನ ಆರು ಸುತ್ತು, ಕಾಂಪೌಂಡ್ ಮೇಲೆ ಬಾಟ್ಲು, ಬೇಕಾದಾಗ ಒಳಗೆ. ನಾಲ್ಕನೇ ಸುತ್ತಿಗೆ ಎದುರು ಮನೆ ಆಂಟಿ "ಏನಾದ್ರೂ ಕಳ್ಕೊಂಡ್ಯಾ" ಅಂತ ಕೇಳ್ತಾರೆ. ಬೋರು, ಒಪ್ಕೊಳ್ತೀನಿ. ಆದ್ರೆ ನೀರು ಕುಡೀತೀನಿ.

ಹಂಗಾಗಿ ನನ್ನ ಜೊತೆ ಓಡೋಕೆ ಬರ್ತೀನಿ ಅನ್ನೋ ಹುಡುಗೀರೇ, ಶೂ ಆಮೇಲೆ ನೋಡೋಣ, ಯಾವ ಬಂಕು ಅಂತ ಕೇಳಿ, ಹೇಳ್ತೀನಿ.

ಆ ಅಜ್ಜಿಗೋಸ್ಕರ ಆಮೇಲೆ ಎರಡು ಸಲ ಒಂದು ಚಿಪ್ಪು ಬಾಳೆಹಣ್ಣು ಚೀಲಕ್ಕೆ ಹಾಕ್ಕೊಂಡು ಚಿಲುಮೆ ಕಡೆ ಓಡಿದೆ. ಎರಡು ಸಲನೂ ಸಿಗಲಿಲ್ಲ. ಮೊದಲ ಸಲ ಹಣ್ಣು ವಾಪಸ್ ತಂದೆ. ಎರಡನೇ ಸಲ ಮೋರಿ ಮೇಲೆ ಕೂತು ಎರಡು ನಾನೇ ತಿಂದೆ, ಮಿಕ್ಕಿದ್ದನ್ನ ಚೀಲದ ಸಮೇತ ಕೋತಿ ಕಿತ್ಕೊಂಡು ಹೋಯ್ತು.