ಬೆಣ್ಣೆಯ ಹದ ಹಿಡಿಯಲು ಒಂದು ವರ್ಷ

ವರ್ಷದ ಶುರುವಿನಲ್ಲೇ ತೀರ್ಮಾನ ಮಾಡಿದ್ದೆ. ಪ್ರತಿ ಹಬ್ಬಕ್ಕೂ, ಹವೆ ಬದಲಾದಾಗಲೆಲ್ಲ ಕುಕೀ ಮಾಡಬೇಕು, ಆದರೆ ಮೂಲ ಹಿಟ್ಟಿನ ಅಳತೆ ಒಂದೇ ಇರಬೇಕು. 100 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ, ಚಿಟಿಕೆ ಉಪ್ಪು. ಶಾರ್ಟ್‌ಬ್ರೆಡ್ ಅನ್ನೋ ಬೆಣ್ಣೆ ಬಿಸ್ಕತ್ತು ಮಾಡುವವರ ಹಳೆಯ ಒಂದು-ಎರಡು-ಮೂರು ಲೆಕ್ಕ ಇದು. ಮೊಟ್ಟೆ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಹಬ್ಬಕ್ಕೆ ತಕ್ಕ ಹಾಗೆ ಪರಿಮಳ, ಆಕಾರ, ಅಲಂಕಾರ ಏನು ಬೇಕಾದರೂ ಬದಲಾಗಲಿ, ಅಳತೆ ಮಾತ್ರ ಬೇಡ ಅಂದುಕೊಂಡೆ. ಇವತ್ತಿಗೆ 17 ಬ್ಯಾಚ್ ಆಯಿತು. ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಬ್ಯಾಚ್ 1ರಿಂದ 3: ಚಳಿ

ಅಡುಗೆಮನೆಯಲ್ಲಿ 14 ಡಿಗ್ರಿ. ರಾತ್ರಿಯೇ ಹೊರಗಿಟ್ಟಿದ್ದ ಬೆಣ್ಣೆ ಬೆಳಿಗ್ಗೆಯೂ ಕಲ್ಲಿನ ಹಾಗೇ ಇತ್ತು. ಹಾಗೇ ಸಕ್ಕರೆ ಹಾಕಿ ತಿರುವಿದೆ. ಹಿಟ್ಟು ಪುಡಿಪುಡಿ, ಲಟ್ಟಿಸಿದರೆ ಅಂಚೆಲ್ಲ ಬಿರುಕು. ಬೆಂದ ಮೇಲೆ ಕುಕೀ ಮುರಿದು ನೋಡಿದರೆ ಅಲ್ಲಲ್ಲಿ ಸಣ್ಣ ತೂತು, ತೂತಿನ ಸುತ್ತ ಎಣ್ಣೆ ಎಣ್ಣೆ. ಕರಗದೆ ಉಳಿದಿದ್ದ ಬೆಣ್ಣೆಯ ಗಂಟುಗಳು ಓವನ್ನಿನಲ್ಲಿ ಕರಗಿ ಮಾಡಿದ ಜಾಗ ಅದು.

ಎರಡನೇ ಸಲ ಅವಸರಕ್ಕೆ ಮೈಕ್ರೋವೇವ್‌ಗೆ ಇಟ್ಟೆ. ಹೊರಗೆ ಗಟ್ಟಿ, ಒಳಗೆ ನೀರು. ಅದೂ ಆಗಲಿಲ್ಲ.

ಬೆಣ್ಣೆಗೂ ಸಕ್ಕರೆಗೂ ಆಗುವ ಕೆಲಸ ಏನು ಅಂತ ಗೊತ್ತಾದ ಮೇಲೆ ದಾರಿ ಸಿಕ್ಕಿತು. ತಿರುವುವಾಗ ಸಕ್ಕರೆ ಹರಳಿನ ಚೂಪು ಅಂಚುಗಳು ಬೆಣ್ಣೆಯೊಳಗೆ ಗಾಳಿಯ ಪುಟ್ಟ ಗುಳ್ಳೆಗಳನ್ನು ಸೇರಿಸುತ್ತವೆ. ಬೇಕಿಂಗ್ ಪೌಡರ್ ಹಾಕಿದರೂ ಅದು ಈ ಗುಳ್ಳೆಗಳನ್ನೇ ಉಬ್ಬಿಸುವುದು, ಹೊಸದನ್ನು ಹುಟ್ಟಿಸುವುದಿಲ್ಲ. ನನ್ನ ಹಿಟ್ಟಿನಲ್ಲಿ ಅದೂ ಇಲ್ಲ, ಹಗುರ ಅನ್ನೋದು ಪೂರ್ತಿ ಹೀಗೆ ತಿರುವುವುದರಲ್ಲೇ ಬರಬೇಕು. ತೀರಾ ಗಟ್ಟಿ ಬೆಣ್ಣೆಯೊಳಗೆ ಗಾಳಿ ಹೋಗಲ್ಲ, ತೀರಾ ಮೆತ್ತಗಿದ್ದರೆ ಹೋದ ಗಾಳಿ ನಿಲ್ಲಲ್ಲ. 18ರಿಂದ 20 ಡಿಗ್ರಿ ಒಳ್ಳೆಯ ಹದ. ಮೂರನೇ ಸಲ ತಣ್ಣಗಿನ ಬೆಣ್ಣೆಯನ್ನೇ ತುರಿಯುವ ಮಣೆಯಲ್ಲಿ ತುರಿದು, ಬೆಚ್ಚಗಿನ ಜಾಗದಲ್ಲಿ ತಟ್ಟೆಯ ಮೇಲೆ ಹರಡಿದೆ. ಹತ್ತೇ ನಿಮಿಷದಲ್ಲಿ ಹದಕ್ಕೆ ಬಂತು. ಚಳಿಗಾಲಕ್ಕೆ ಇದಕ್ಕಿಂತ ಸುಲಭದ ಉಪಾಯ ಇನ್ನೂ ಸಿಕ್ಕಿಲ್ಲ.

ಆ ದಿನ ಅಮ್ಮ ಪಕ್ಕದಲ್ಲಿದ್ದರು. ನಾನು ಬೆಣ್ಣೆಗೆ ಥರ್ಮಾಮೀಟರ್ ಚುಚ್ಚುವ ಮೊದಲೇ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇನ್ನೂ ಐದು ನಿಮಿಷ ಬಿಡು" ಅಂದರು. ಚುಚ್ಚಿ ನೋಡಿದೆ, 16 ಡಿಗ್ರಿ. ಆಮೇಲೆ ಅವರು ಒತ್ತೋದನ್ನೇ ಗಮನಿಸಿದೆ. ಬೆರಳಿನ ಗುಳಿ ಉಳಿಯಬೇಕು, ಆದರೆ ಬೆರಳು ಜಾರಬಾರದು, ಬೆಣ್ಣೆಯ ಮೈ ಹೊಳೆಯಬಾರದು. ಈಗ ನಾನೂ ಮೊದಲು ಒತ್ತಿಯೇ ನೋಡುವುದು.

ಬ್ಯಾಚ್ 4ರಿಂದ 8: ಬೇಸಿಗೆ

ಜಾಸ್ತಿ ಬರೆಯಬೇಕಾಗಿರುವುದು ಈ ಭಾಗವೇ. ಬೇಸಿಗೆ ರಜೆಗೆ ಮನೆ ತುಂಬ ಮಕ್ಕಳು. ನಕ್ಷತ್ರದ ಆಕಾರದ ನಿಂಬೆ ಕುಕೀ ಮಾಡಿಕೊಡ್ತೀನಿ ಅಂದಿದ್ದೆ. ಅಡುಗೆಮನೆ 33 ಡಿಗ್ರಿ. ಟ್ರೇ ಒಳಗೆ ಹೋಗುವಾಗ 24 ನಕ್ಷತ್ರ ಇದ್ದವು. ಎಂಟು ನಿಮಿಷಕ್ಕೆ ಓವನ್ ಗಾಜಿನಿಂದ ಇಣುಕಿದರೆ ಮೂಲೆಗಳೆಲ್ಲ ಕರಗಿ ದುಂಡಗಾಗಿದ್ದವು, ಹೊರಗೆ ಬರುವಷ್ಟರಲ್ಲಿ ಒಂದಕ್ಕೊಂದು ಅಂಟಿ ಒಂದೇ ಹಾಳೆ. ರುಚಿ ಮಾತ್ರ ಚೆನ್ನಾಗಿತ್ತು. ಸಕ್ಕರೆಗೆ ನಿಂಬೆ ಸಿಪ್ಪೆಯ ತುರಿ ಹಾಕಿ ಬೆರಳಲ್ಲಿ ಚೆನ್ನಾಗಿ ಉಜ್ಜಿದ್ದೆ. ಸಿಪ್ಪೆಯ ಎಣ್ಣೆ ಸಕ್ಕರೆಗೆ ಇಳಿದು ಕೈಯೆಲ್ಲ ಘಮ ಘಮ. ಈ ಕ್ರಮವನ್ನು ಇನ್ನು ಬಿಡಲ್ಲ.

ಆಕಾರ ಹೋಗಿದ್ದು ಯಾಕೆ? ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಪೂರ್ತಿ ಕರಗುತ್ತದೆ. ಮೈದಾ ಗಟ್ಟಿಯಾಗಿ ಆಕಾರ ಹಿಡಿಯಲು ಅದಕ್ಕಿಂತ ತುಂಬಾ ಜಾಸ್ತಿ ಬಿಸಿ ಬೇಕು. ನಡುವಿನ ಹೊತ್ತಿನಲ್ಲಿ ಕುಕೀ ಹರಿಯುತ್ತದೆ. ಹಿಟ್ಟು ತಣ್ಣಗಿದ್ದಷ್ಟೂ ಆ ಹೊತ್ತು ಕಡಿಮೆ. ನನ್ನ ಹಿಟ್ಟು ಓವನ್ನಿಗೆ ಹೋಗುವಾಗಲೇ 27 ಡಿಗ್ರಿ ಇತ್ತು.

ಬ್ಯಾಚ್ 5ರಲ್ಲಿ ಹಿಟ್ಟಿನ ಉಂಡೆಯನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟೆ. ಲಟ್ಟಿಸಲು ಬಾರದಷ್ಟು ಗಟ್ಟಿಯಾಯಿತು. ಲಟ್ಟಿಸಲು ಬರುವ ಹಾಗೆ ಆಗುವಷ್ಟರಲ್ಲಿ ಮತ್ತೆ ಮೆತ್ತಗೆ. ಬ್ಯಾಚ್ 6ರಲ್ಲಿ ಕ್ರಮವನ್ನೇ ತಿರುಗಿಸಿದೆ. ಕಲಸಿದ ತಕ್ಷಣ ಎರಡು ಬೇಕಿಂಗ್ ಪೇಪರ್ ನಡುವೆ ಹಿಟ್ಟಿಟ್ಟು 8 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದೆ, ಆ ಹಾಳೆಯನ್ನೇ ಹಾಗೇ ಫ್ರಿಜ್ಜಿಗೆ ಜಾರಿಸಿದೆ. ಅರ್ಧ ಗಂಟೆ ಬಿಟ್ಟು ಅಚ್ಚು ಒತ್ತಿದರೆ ಅಂಚು ಕತ್ತರಿಸಿದ ಹಾಗೆ ಬಂತು. ಕತ್ತರಿಸಿದ ನಕ್ಷತ್ರಗಳಿಗೆ ಮತ್ತೆ 15 ನಿಮಿಷ ಫ್ರೀಜರ್. ಬೇಸಿಗೆಯಲ್ಲಿ ಅಚ್ಚಿನ ಕುಕೀ ಮಾಡುವವರಿಗೆ ನಾನು ಹೇಳೋದು ಇದೊಂದೇ ಮಾತು: ಮೊದಲು ಲಟ್ಟಿಸಿ, ಆಮೇಲೆ ತಣ್ಣಗೆ ಮಾಡಿ.

ಆದರೂ ಮೂಲೆಗಳು ಸ್ವಲ್ಪ ಮೊಂಡಾಗುತ್ತಲೇ ಇದ್ದವು. ಎಲ್ಲಾ ತಪ್ಪನ್ನೂ ಬೆಣ್ಣೆಯ ಮೇಲೆ ಹಾಕಿಕೊಂಡು ಬಂದಿದ್ದೆ. ಬ್ಯಾಚ್ 7ಕ್ಕೆ ಓವನ್ನಿನೊಳಗೆ ಇಡುವ ಥರ್ಮಾಮೀಟರ್ ತಂದೆ. ಗುಂಡಿ 160ರಲ್ಲಿತ್ತು, ಒಳಗೆ 145. ಕಡಿಮೆ ಬಿಸಿಯಲ್ಲಿ ಕುಕೀ ಗಟ್ಟಿಯಾಗೋದು ನಿಧಾನ, ಹರಿಯೋಕೆ ಜಾಸ್ತಿ ಹೊತ್ತು ಸಿಗುತ್ತದೆ. ಗುಂಡಿಯನ್ನು 175ಕ್ಕೆ ತಿರುಗಿಸಿ, ಒಳಗೆ ನಿಜವಾಗಿ 160 ಬರುವವರೆಗೆ ಕಾದು ಟ್ರೇ ಇಟ್ಟೆ. ನಕ್ಷತ್ರಗಳು ನಕ್ಷತ್ರಗಳಾಗಿಯೇ ಹೊರಗೆ ಬಂದವು. ಐದು ಮೂಲೆಯೂ ಇತ್ತು. ಆ ಸಂಜೆಯ ಖುಷಿ ಇನ್ನೂ ಮನಸ್ಸಿನಲ್ಲಿದೆ.

ಇನ್ನೊಂದು ಮಾತು, ಮೊದಲ ಸುತ್ತಿನ ಬಿಸಿ ಟ್ರೇ ಮೇಲೆ ಎರಡನೇ ಸುತ್ತು ಇಡಬೇಡಿ. ಓವನ್ನಿಗೆ ಹೋಗುವ ಮೊದಲೇ ಅಡಿ ಕರಗುತ್ತದೆ. ಬ್ಯಾಚ್ 8ರ ಅರ್ಧ ಹಾಗೇ ಹೋಯಿತು.

ಬ್ಯಾಚ್ 9ರಿಂದ 13: ಮಳೆ

ಮಳೆಗಾಲದಲ್ಲಿ ಓವನ್ನಿನವರೆಗೆ ಎಲ್ಲಾ ಸರಿ, ತೊಂದರೆ ಶುರುವಾಗುವುದು ಡಬ್ಬಿಯಲ್ಲಿ. ರಾತ್ರಿ ಗರಿಗರಿ ಇದ್ದ ಕುಕೀ ಮಾರನೇ ದಿನ ಮುರಿದರೆ ಸದ್ದೇ ಇಲ್ಲ. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಅದು ಅದರ ಗುಣ. ಅದಕ್ಕೆ ಮೂರು ಬದಲಾವಣೆ ಮಾಡಿದೆ. 20 ನಿಮಿಷ ಇದ್ದಿದ್ದು 23 ಆಯಿತು. ಜಾಲರಿಯ ಮೇಲೆ ಪೂರ್ತಿ ತಣ್ಣಗಾಗುವವರೆಗೆ ಡಬ್ಬಿ ಮುಟ್ಟಲಿಲ್ಲ, ಬೆಚ್ಚಗಿದ್ದಾಗ ಮುಚ್ಚಿದರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆ. ಮತ್ತೆ, ಜಾಮ್ ಇಟ್ಟ ಮೆತ್ತನೆ ಕುಕೀಗೆ ಬೇರೆ ಡಬ್ಬಿ ಕೊಟ್ಟೆ. ಎರಡನ್ನೂ ಒಟ್ಟಿಗೆ ಇಟ್ಟ ಸಲ ಜಾಮಿನ ತೇವವೆಲ್ಲ ಗರಿಗರಿ ಕುಕೀಗೆ ಹೋಗಿತ್ತು. ಮೆತ್ತಗಾದದ್ದನ್ನು 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿ ಆಗುತ್ತದೆ.

ಐಸಿಂಗ್ ಮಾತ್ರ ಕೈಕೊಟ್ಟಿತು. ಮೊಟ್ಟೆಯ ಬಿಳಿ ಭಾಗಕ್ಕೆ ಐಸಿಂಗ್ ಶುಗರ್ ಹಾಕಿ ಮಾಡುವ ರಾಯಲ್ ಐಸಿಂಗ್ ಗಾಳಿಗೆ ಒಣಗಬೇಕು. ಆ ವಾರದ ಗಾಳಿಯಲ್ಲಿ ಇದ್ದದ್ದೇ ನೀರು. ರಾತ್ರಿಯೆಲ್ಲ ಬಿಟ್ಟರೂ ಬೆರಳಿಗೆ ಅಂಟುತ್ತಿತ್ತು, ಕೆಂಪು ಬಣ್ಣ ಬಿಳಿಯೊಳಗೆ ಇಳಿದು ಅಂಚೆಲ್ಲ ಗುಲಾಬಿ. ಮಳೆಗಾಲದ ಹಬ್ಬಕ್ಕೆ ಐಸಿಂಗ್ ಬೇಡ ಅಂತ ಬಿಟ್ಟೆ. ಬೇಯಿಸುವ ಮೊದಲೇ ಮೇಲೆ ದಪ್ಪ ಸಕ್ಕರೆ ಉದುರಿಸಿದರೆ ಅದೇ ಚೆಂದ ಹೊಳೆಯುತ್ತದೆ.

ಬ್ಯಾಚ್ 14ರಿಂದ 17: ಮತ್ತೆ ಚಳಿ, ವರ್ಷದ ಕೊನೆಯ ಹಬ್ಬಗಳು

ಶುಂಠಿ ಪುಡಿ, ಚಕ್ಕೆ, ಒಂದೆರಡು ಲವಂಗದ ಪುಡಿ. ಸಕ್ಕರೆಯಲ್ಲಿ 50 ಗ್ರಾಂ ಮಾತ್ರ ಬ್ರೌನ್ ಶುಗರ್, ಒಟ್ಟು ತೂಕ ಅದೇ 100. ಬ್ರೌನ್ ಶುಗರ್‌ನಲ್ಲಿರುವ ಮೊಲಾಸಿಸ್, ಅಂದರೆ ಕಾಕಂಬಿ, ತೇವ ಹಿಡಿದಿಡುತ್ತದೆ, ಹಾಗಾಗಿ ನಡುವೆ ಸ್ವಲ್ಪ ಮೃದು. ಬೇಯಿಸಿದ ದಿನ ಲವಂಗ ಒಂದೇ ಮುಂದೆ ಬಂದು ನಿಲ್ಲುತ್ತಿತ್ತು, ಎರಡನೇ ದಿನ ಎಲ್ಲಾ ಕೂಡಿಕೊಂಡಿತು. ಮಸಾಲೆ ಕುಕೀಯನ್ನು ಹಬ್ಬದ ಹಿಂದಿನ ದಿನವೇ ಮಾಡಿಬಿಡಿ.

ಈ ಸಲ ಗಾಳಿ ಒಣಗಿತ್ತು, ಐಸಿಂಗ್ ಒಲಿಯಿತು. ಚಮಚದಿಂದ ಗೆರೆ ಎಳೆದರೆ ಹತ್ತು ಹದಿನೈದು ಸೆಕೆಂಡಿನಲ್ಲಿ ಗೆರೆ ಮಾಯವಾಗಬೇಕು, ಅದು ತುಂಬಿಸುವ ಹದ. ಅಂಚು ಕಟ್ಟಲು ಅದಕ್ಕಿಂತ ಗಟ್ಟಿ ಬೇಕು. ಮೂರು ವಾರ ಮೊದಲೇ ಅಚ್ಚೊತ್ತಿ ಫ್ರೀಜರ್‌ನಲ್ಲಿಟ್ಟಿದ್ದ ನಕ್ಷತ್ರಗಳನ್ನು ಕರಗಿಸದೆ ನೇರ ಓವನ್ನಿಗೆ ಹಾಕಿದೆ, ಎರಡು ನಿಮಿಷ ಜಾಸ್ತಿ ಬೇಕಾಯಿತು, ಅಷ್ಟೇ. ಹಬ್ಬದ ಬೆಳಿಗ್ಗೆ ಅಡುಗೆಮನೆಯಲ್ಲಿ ಗಡಿಬಿಡಿಯೇ ಇರಲಿಲ್ಲ.

ಮುಂದಿನದು: ಬ್ಯಾಚ್ 18

ಬೆಣ್ಣೆಯನ್ನು ಕಂದು ಬಣ್ಣಕ್ಕೆ ಕಾಯಿಸಿ ಮಾಡಬೇಕು ಅಂತಿದೆ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರು. ಕಾಯಿಸಿದಾಗ ಅದು ಹೋಗುತ್ತದೆ, 200 ಗ್ರಾಂನಲ್ಲಿ 32 ಗ್ರಾಂನಷ್ಟು ಕಡಿಮೆ. ಹಾಗಾದರೆ 200 ಅನ್ನೋದು ಕಾಯಿಸುವ ಮೊದಲೋ, ಆಮೇಲೋ? ಎರಡನ್ನೂ ಅರ್ಧರ್ಧ ಮಾಡಿ ಪಕ್ಕಪಕ್ಕ ಬೇಯಿಸುತ್ತೇನೆ. ಕಾಯಿಸಿದ ಬೆಣ್ಣೆ ಸೋಸದೆ ಬಟ್ಟಲಿನಲ್ಲಿದೆ, ಅಡಿಯಲ್ಲಿ ಕಂದು ಚೂರುಗಳು ಕೂತಿವೆ. ಗಟ್ಟಿಯಾಗುತ್ತಾ ಬಂದ ಹಾಗೆ ಆಗಾಗ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೇನೆ. ಇನ್ನೂ ಜಾರುತ್ತಿದೆ.