ಪ್ಲಾಟಿನಂ ಔಷಧ ಆಗ್ತದೆ, ಬಂಗಾರದ ಭಸ್ಮ ಯಾಕಾಗಲ್ಲ?

ಬಾಗಲಕೋಟೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಹೋದ ವಾರ ಕೇಳಿದವರು ನಮ್ಮ ಓಣಿಯ ಅಕ್ಕಸಾಲಿ ಪತ್ತಾರ ಕಾಕಾ. "ಸರ, ಕ್ಯಾನ್ಸರ್ ಸಲೈನ್‌ದಾಗ ಪ್ಲಾಟಿನಂ ಇರ್ತೈತಂತ. ಹಂಗಿದ್ರ ಬಂಗಾರದ ಭಸ್ಮಾ ಯಾಕ ನಡ್ಯಂಗಿಲ್ಲ?"

ಪ್ಲಾಟಿನಂ ಇರೋದು ನಿಜ. ಅದು ಸಿಸ್‌ಪ್ಲಾಟಿನ್, ಅಮೆರಿಕದಲ್ಲಿ 1978ರಲ್ಲಿ ಒಪ್ಪಿಗೆ ಪಡೆದ ಔಷಧ. ಆದರೆ ಕೆಲಸ ಮಾಡೋದು ಬರೀ ಲೋಹ ಅಲ್ಲ, ಅದನ್ನು ಕಟ್ಟಿರುವ ರೀತಿ. ಕಾಕಾನ ಡಬ್ಬಿಯಿಂದ ಒಂದು ಗುಂಡು ತೆಗೆದು, ಇದು ಪ್ಲಾಟಿನಂ ಅಂತ ನಡುವೆ ಇಟ್ಟೆ. ಸುತ್ತ ಎರಡು ಕೆಂಪು ಹರಳು, ಎರಡು ಬಿಳಿ ಹರಳು. ಕೆಂಪು ಕ್ಲೋರಿನ್, ಬಿಳಿ ಅಮೋನಿಯಾ. ಕೆಂಪು ಎರಡೂ ಅಕ್ಕಪಕ್ಕ ಇದ್ದರೆ ಔಷಧ. ಎದುರುಬದುರು ಇಟ್ಟರೆ ಅದೇ ಸಾಮಾನು, ಅದೇ ತೂಕ, ಆದರೆ ಕ್ಯಾನ್ಸರ್‌ಗೆ ಉಪಯೋಗವಿಲ್ಲ. ಕಾಕಾ ಚಿಮಟದಿಂದ ತಾವೇ ಒಮ್ಮೆ ಸರಿಸಿ ನೋಡಿದರು.

ಸಿಸ್‌ಪ್ಲಾಟಿನ್ ಹಿಡಿಯೋದು ಡಿಎನ್‌ಎಯನ್ನು. ಲ್ಯಾಬ್‌ಗಳಲ್ಲಿ ಈಗ ಇನ್ನೊಂದು ಗುರಿಯ ಮೇಲೂ ಕಣ್ಣಿದೆ: ಜೀವಕೋಶದ ಒಳಗಿನ ಹಂದರ. ಮದುವೆ ಹಂದರದ ಹಾಗೆಯೇ ಇದನ್ನೂ ಕೋಶ ಕಟ್ಟುತ್ತದೆ, ಬಿಚ್ಚುತ್ತದೆ. ಕೋಶ ಎರಡಾಗುವಾಗ ಟ್ಯುಬುಲಿನ್ ಎಂಬ ಪ್ರೋಟೀನಿನ ಗಳಗಳು ನಿಂತು ಕ್ರೋಮೋಸೋಮ್‌ಗಳನ್ನು ಎರಡೂ ಕಡೆ ಎಳೆಯುತ್ತವೆ. ಅಂಗಳದ ಸದಾಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧ ಈ ಗಳ ನಿಲ್ಲಿಸೋಕೇ ಬಿಡಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಔಷಧ ಉಲ್ಟಾ, ನಿಂತ ಗಳ ಬಿಚ್ಚೋಕೆ ಬಿಡಲ್ಲ. ಎರಡರಲ್ಲೂ ಕೋಶ ಅರ್ಧದಲ್ಲೇ ಸಿಕ್ಕಿಬೀಳುತ್ತದೆ.

ಇವೆರಡೂ ಗಿಡಮರದಿಂದ ಬಂದವು. ಲೋಹಕ್ಕೆ ಇಲ್ಲಿ ಏನು ಕೆಲಸ? ಬೆಳ್ಳಿ ಯಾಕೆ ಕಪ್ಪಾಗುತ್ತದೆ ಅಂತ ಪತ್ತಾರರಿಗೆ ಹೇಳಬೇಕಾ? ಗಂಧಕ. ಬಂಗಾರದ ಕೆಲವು ಸಂಯುಕ್ತಗಳಿಗೂ ಗಂಧಕ ಅಂದರೆ ಪ್ರಾಣ. ಟ್ಯುಬುಲಿನ್ ಇರೋದು ಜೋಡಿಜೋಡಿಯಾಗಿ; ಒಂದು ಜೋಡಿಯಲ್ಲಿ ಗಂಧಕ ಇರುವ ಸಿಸ್ಟೀನ್ ಎಂಬ ಅಮೈನೋ ಆಮ್ಲ 20 ಇವೆ. ಅಲ್ಲಿ ಹೋಗಿ ಅಂಟಿಕೊಂಡರೆ ಗಳ ಏಳಲ್ಲ. ತೊಂದರೆ ಏನಂದ್ರೆ, ಗಂಧಕ ರಕ್ತದ ಪ್ರೋಟೀನಿನಲ್ಲೂ ಇದೆ, ದಾರಿಯುದ್ದಕ್ಕೂ ಇದೆ. ಔಷಧ ಗಡ್ಡೆ ಮುಟ್ಟೋ ಮೊದಲೇ ಎಲ್ಲೋ ಅಂಟಿಬಿಡುತ್ತದೆ. ರುಥೇನಿಯಂ ಎಂಬ ಇನ್ನೊಂದು ಲೋಹದ ಸಂಯುಕ್ತಗಳನ್ನು ರೋಗಿಗಳ ಮೇಲೂ ಪರೀಕ್ಷಿಸಿದ್ದಾರೆ. ಆದರೂ ಹಂದರಕ್ಕೆಂದೇ ಮಾಡಿದ ಲೋಹದ ಔಷಧ ಆಸ್ಪತ್ರೆಗೆ ಇನ್ನೂ ಬಂದಿಲ್ಲ.

ಲೆಕ್ಕ ಹಾಕಿ ಕಟ್ಟಿದ ಅಣುವಿಗೇ ಈ ಪಾಡು. ಭಸ್ಮದಲ್ಲಿರೋದು ಹೆಚ್ಚಾಗಿ ಬಂಗಾರದ ಪುಡಿ. ಅಕ್ಕಪಕ್ಕ ಕೂತ ಕೆಂಪು ಹರಳೂ ಇಲ್ಲ, ಹೋಗಿ ಹಿಡಿಯೋ ಜಾಗವೂ ಗೊತ್ತಿಲ್ಲ.

ಕಾಕಾ ಹರಳು ಎಣಿಸಿ ಡಬ್ಬಿಗೆ ಹಾಕಿದರು. ಆಮೇಲೆ ಮೆಲ್ಲಗೆ, "ನಮ್ಮ ಅಕ್ಕಗ ಸಲೈನ್ ಹಚ್ಚಿದಾಗಿಂದ ಕಿವ್ಯಾಗ ಗುಂಯ್ ಅಂತೈತಿ" ಅಂದರು. ಸಿಸ್‌ಪ್ಲಾಟಿನ್‌ಗೆ ಕಿವಿ, ಕಿಡ್ನಿ ಎರಡನ್ನೂ ಕೆಡಿಸುವ ಗುಣ ಇದೆ. ಇವತ್ತೇ ಡಾಕ್ಟರಿಗೆ ಹೇಳ್ರಿ ಅಂದೆ. ಭಸ್ಮ ಕೊಟ್ಟಿದ್ದರೆ ಅದನ್ನೂ.